ಎದ್ದು ಕಾಣುವ ಬಯಕೆ

ಯೋಗ್ಯರು ಹಲವರಾಗಿ, ಅವರಿಗೆ ದೊರೆಯತಕ್ಕ ಸ್ಥಾನಗಳು ಕೆಲವೇ ಆದಾಗ ಮನುಷ್ಯನಲ್ಲಿ ಒಂದು ಬಯಕೆ ತಲೆಯೆತ್ತುತ್ತದೆ. ತಾನು ಇತರರಿಗಿಂತ ಬೇರೆಯಾಗಿ, ಇತರರಿಗಿಂತ ಮಿಗಿಲಾಗಿ ಕಾಣಬೇಕೆಂಬುದೇ ಆ ಬಯಕೆ. ಇದು ತನ್ನಷ್ಟಕ್ಕೆ ಗುಣವೋ ದೋಷವೋ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಲು ಬಾರದು. ಅದು ಮನುಷ್ಯನನ್ನು ಪರಿಶ್ರಮಕ್ಕೆ ಹಚ್ಚಬಹುದು, ವೇಷಕ್ಕೂ ಹಚ್ಚಬಹುದು. ಯಾವ ಎಡೆಯಲ್ಲಿ ಪರಿಶ್ರಮವು ಮುಗಿದು ವೇಷವು ಮೊದಲಾಗುತ್ತದೆಂಬುದನ್ನು ಗುರುತಿಸುವುದು ವಿವೇಕಿಗಳ ಕೆಲಸ. ಈ ಪ್ರಶ್ನೆಯನ್ನು ಬರಿಯ ತತ್ತ್ವದ ಮಾತಾಗಿ ಚರ್ಚಿಸುವುದಕ್ಕಿಂತ, ಇಂದು ಅದು ಅತ್ಯಂತ ತೀಕ್ಷ್ಣವಾಗಿ ಎದುರಾಗಿರುವ ಒಂದು ಸ್ಥಳದಲ್ಲಿಟ್ಟು ನೋಡುವುದು ಲೇಸು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಹೆಸರಾಂತ ಕಾಲೇಜುಗಳ ಪ್ರವೇಶದ್ವಾರವೇ ಆ ಸ್ಥಳ. ಕನ್ನಡ ನಾಡಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಗಳ ಮಕ್ಕಳೂ ವರ್ಷವರ್ಷವೂ ಆ ದ್ವಾರದ ಮುಂದೆ ನಿಲ್ಲುತ್ತಾರೆ. ಆದುದರಿಂದ ಈ ವಿಚಾರವು ನಮಗೆ ದೂರದ್ದಾದರೂ ಪರಕೀಯವಲ್ಲ.

ಮೊದಲು ಸಂಗತಿಯನ್ನು ನೋಡೋಣ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶಕ್ರಮವನ್ನು ಕುರಿತು ನಡೆದ ಪ್ರಸಿದ್ಧ ವ್ಯಾಜ್ಯದಲ್ಲಿ ನ್ಯಾಯಾಲಯದ ಮುಂದೆ ಬಂದ ಲೆಕ್ಕವು ಹೀಗಿದೆ. ೨೦೧೫ರಲ್ಲಿ ಕಾಲೇಜು ಸೇರಲಿದ್ದ ತರಗತಿಗೆ ಸುಮಾರು ೩೫,೦೦೦ ಮಂದಿ ಅರ್ಜಿ ಹಾಕಿದರು. ಇದ್ದ ಸ್ಥಾನಗಳು ಸುಮಾರು ೧,೬೦೦. ಅರ್ಜಿದಾರರಲ್ಲಿ ಸುಮಾರು ೨,೭೦೦ ಮಂದಿ ಎಸ್.ಎ.ಟಿ. ಎಂಬ ಪರೀಕ್ಷೆಯ ಭಾಷಾಭಾಗದಲ್ಲಿಯೂ, ಸುಮಾರು ೩,೪೦೦ ಮಂದಿ ಅದರ ಗಣಿತಭಾಗದಲ್ಲಿಯೂ ಪೂರ್ಣಾಂಕ ಪಡೆದಿದ್ದರು. ಶಾಲೆಯ ಅಂಕಗಳಲ್ಲಿ ಪೂರ್ಣ ಸರಾಸರಿಯನ್ನು ಗಳಿಸಿದವರು ೮,೦೦೦ಕ್ಕೂ ಮಿಕ್ಕಿದ್ದರು. ಶಾಲೆಯ ಅಂಕಗಳಲ್ಲಿ ಒಂದು ಎಳ್ಳಿನಷ್ಟೂ ಕೊರತೆಯಿಲ್ಲದವರಿಗೆ ಮಾತ್ರ ಸ್ಥಾನ ಕೊಡುತ್ತೇವೆಂದು ಹೊರಟಿದ್ದರೂ ಅವರಲ್ಲಿ ಐದರಲ್ಲಿ ನಾಲ್ವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಬೇಕಾಗುತ್ತಿತ್ತು. ೨೦೨೪ರಲ್ಲಿ ಸೇರಬೇಕಾಗಿದ್ದ ತರಗತಿಗೆ ಅದೇ ಕಾಲೇಜಿಗೆ ಬಂದ ಅರ್ಜಿಗಳು ೫೪,೦೦೮. ಪ್ರವೇಶ ದೊರೆತದ್ದು ೧,೯೩೭ ಮಂದಿಗೆ. ಎಂದರೆ ಸುಮಾರು ಇಪ್ಪತ್ತೆಂಟು ಜನರಲ್ಲಿ ಒಬ್ಬನಿಗೆ.

ಹೀಗಿರಲಾಗಿ ಅಂಕಗಳು ದ್ವಾರದವರೆಗೆ ಕರೆದೊಯ್ಯಬಲ್ಲವು, ಒಳಗೆ ಸೇರಿಸಲಾರವು. ಅಂಕದ ಆಚೆಗೆ ಏನನ್ನೋ ನೋಡಲೇಬೇಕು. ಅಲ್ಲಿನ ಕಾಲೇಜುಗಳು ಅದನ್ನು ನೋಡುವ ರೀತಿಯೂ ಸ್ವಾರಸ್ಯವಾಗಿದೆ. ೧೯೭೫ರಲ್ಲಿ ಹದಿನೈದು ಕಾಲೇಜುಗಳು ಸೇರಿ ಒಂದು ಸಾಮಾನ್ಯ ಅರ್ಜಿಯನ್ನು ರೂಪಿಸಿದವು. ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದನ್ನು ಒಪ್ಪಿಕೊಂಡಿವೆ. ಅದರಲ್ಲಿ ವಿದ್ಯಾರ್ಥಿಯು ಪಾಠದ ಹೊರಗೆ ತಾನು ಮಾಡಿದ ಕೆಲಸಗಳಲ್ಲಿ ಹತ್ತನ್ನು ಮಾತ್ರ ನಮೂದಿಸಬಹುದು. ಒಂದೊಂದನ್ನೂ ವಿವರಿಸಲು ದೊರೆಯುವುದು ೧೫೦ ಅಕ್ಷರಗಳ ಎಡೆ. ತನ್ನನ್ನು ಕುರಿತು ಬರೆಯುವ ಪ್ರಬಂಧವು ೬೫೦ ಪದಗಳನ್ನು ಮೀರಕೂಡದು. ಇದರೊಡನೆ ಉಪಾಧ್ಯಾಯರ ಶಿಫಾರಸು ಪತ್ರಗಳೂ, ಕೆಲವೆಡೆ ಸಂದರ್ಶನವೂ ಉಂಟು. ಹಾರ್ವರ್ಡಿನಲ್ಲಿ ಪ್ರತಿ ಅಭ್ಯರ್ಥಿಗೂ ವಿದ್ಯೆ, ಪಠ್ಯೇತರ ಕಾರ್ಯ, ಕ್ರೀಡೆ, ವ್ಯಕ್ತಿಗುಣ ಎಂಬ ತಲೆಬರಹಗಳಡಿ ಬೇರೆಬೇರೆ ತರಗತಿಯನ್ನು ಕಟ್ಟುತ್ತಿದ್ದರೆಂಬುದೂ ಆ ವ್ಯಾಜ್ಯದಿಂದಲೇ ಲೋಕಕ್ಕೆ ತಿಳಿಯಿತು. ಹದಿನೇಳು ವರ್ಷದ ಒಂದು ಬಾಳು ಇಷ್ಟು ಸಣ್ಣ ಪಾತ್ರೆಯಲ್ಲಿ ತುಂಬಿಕೊಂಡು ಅಪರಿಚಿತರ ಮೇಜಿನ ಮೇಲೆ ಹೋಗಿ ಕೂಡುತ್ತದೆ.

ಇಂಥಲ್ಲಿ ಜಾಣ ವಿದ್ಯಾರ್ಥಿಯು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು? ಅನುಭವಸ್ಥರು ಹೇಳುವ ಬುದ್ಧಿಮಾತು ಬಹುಮಟ್ಟಿಗೆ ಸರಿಯಾದುದೇ. ಶಾಲೆಯಲ್ಲಿ ದೊರೆಯುವ ಕಠಿಣ ಪಾಠಗಳನ್ನೇ ಆರಿಸಿಕೊಂಡು ಓದಬೇಕೆಂದೂ, ಹತ್ತು ಸಂಘಗಳಲ್ಲಿ ಹೆಸರು ಹಚ್ಚಿಸುವುದಕ್ಕಿಂತ ಒಂದೆರಡು ಕೆಲಸಗಳಲ್ಲಿ ವರ್ಷಗಟ್ಟಲೆ ನೆಲೆನಿಂತು ಆಳಕ್ಕೆ ಇಳಿಯಬೇಕೆಂದೂ ಅವರು ಹೇಳುತ್ತಾರೆ. ತನ್ನನ್ನು ನಿಜವಾಗಿ ಬಲ್ಲ ಉಪಾಧ್ಯಾಯರಿಂದಲೇ ಪತ್ರವನ್ನು ಬೇಡಬೇಕು. ಪ್ರಬಂಧದಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಬಿಟ್ಟು, ತಾನು ಕಂಡು ಉಂಡ ಒಂದು ಸಣ್ಣ ಸಂಗತಿಯನ್ನು ಸ್ಪಷ್ಟವಾಗಿ ಬರೆಯಬೇಕು ಎಂಬುದೂ ಅವರ ಸಲಹೆ. ಈ ಮಾತುಗಳಲ್ಲಿ ಅನೀತಿಯ ಲೇಶವೂ ಇಲ್ಲ. ಇವನ್ನು ಪಾಲಿಸಿದವನು ಪ್ರವೇಶ ದೊರೆಯದೆ ಹೋದರೂ ಒಳ್ಳೆಯ ವಿದ್ಯಾರ್ಥಿಯಾಗಿಯೇ ಉಳಿಯುತ್ತಾನೆ.

ಆದರೆ ಸಲಹೆಯು ಎಲ್ಲಿ ಒಂದು ವ್ಯಾಪಾರವಾಗುತ್ತದೋ ಅಲ್ಲಿ ಅದರ ಬಣ್ಣ ತಿರುಗುತ್ತದೆ. ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಅದರ ಮುಂದಿನ ನಾಲ್ಕು ವರ್ಷಗಳ ಅಭಿರುಚಿಗಳನ್ನು ತಂದೆತಾಯಿಗಳೂ ಸಂಬಳದ ಸಲಹೆಗಾರರೂ ಕೂಡಿ ಗೊತ್ತುಮಾಡುವುದುಂಟು. ಬಡವರ ನೋವನ್ನು ಕಂಡು ಕರಗಿದ ಹೃದಯವೊಂದು ಅರ್ಜಿಯಲ್ಲಿ ಇದ್ದರೆ ಒಳ್ಳೆಯದೆಂದು, ಸಾವಿರಾರು ಡಾಲರು ಖರ್ಚುಮಾಡಿ ಮಕ್ಕಳನ್ನು ಎರಡು ವಾರ ಬಡ ದೇಶಗಳಿಗೆ ಕಳುಹಿಸುವವರೂ ಉಂಟು. ಇದರ ಕಟ್ಟಕಡೆಯ ರೂಪವು ೨೦೧೯ರ ಮಾರ್ಚ್ ತಿಂಗಳಲ್ಲಿ ಬಯಲಿಗೆ ಬಂದಿತು. ವಿಲಿಯಂ ಸಿಂಗರ್ ಎಂಬ ಸಲಹೆಗಾರನು ಶ್ರೀಮಂತ ತಂದೆತಾಯಿಗಳಿಂದ ಎರಡೂವರೆ ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಪಡೆದು, ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿ, ಆಟವನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ, ತರಬೇತುದಾರರಿಗೆ ಲಂಚವಿತ್ತು ಪ್ರವೇಶ ದೊರಕಿಸುತ್ತಿದ್ದನು. ಐವತ್ತು ಮಂದಿಯಷ್ಟು ಜನರ ಮೇಲೆ ಆಪಾದನೆಗಳು ಬಂದವು. ೨೦೨೩ರ ಜನವರಿಯಲ್ಲಿ ಅವನಿಗೆ ಮೂರೂವರೆ ವರ್ಷಗಳ ಸೆರೆಮನೆವಾಸದ ಶಿಕ್ಷೆಯಾಯಿತು. ಇಲ್ಲಿ ನಮ್ಮನ್ನು ಬೆಚ್ಚಿಬೀಳಿಸುವುದು ಲಂಚಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಆ ಮಕ್ಕಳಲ್ಲಿ ಕೆಲವರಿಗೆ ತಮ್ಮ ಪರವಾಗಿ ನಡೆದ ಮೋಸವೇ ತಿಳಿದಿರಲಿಲ್ಲ. ತಂದೆತಾಯಿಗಳು ಮಗುವಿಗೆ ಸ್ಥಾನವನ್ನು ಕೊಂಡುಕೊಟ್ಟರು. ನಿನ್ನ ನಿಜವಾದ ರೂಪದಲ್ಲಿ ನಮಗೆ ನಂಬಿಕೆಯಿಲ್ಲ ಎಂಬ ಮಾತನ್ನೂ ಅದರೊಡನೆಯೇ ಕಟ್ಟಿಕೊಟ್ಟರು.

ಆರಿಸುವ ಕೈಯಾದರೂ ಶುದ್ಧವೇ ಎಂದು ಕೇಳಿದರೆ ಚರಿತ್ರೆಯು ಹೌದೆನ್ನಲು ಹಿಂಜರಿಯುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾರ್ವರ್ಡಿನ ಪ್ರವೇಶವು ಬಹುಮಟ್ಟಿಗೆ ಪರೀಕ್ಷೆಯನ್ನೇ ಅವಲಂಬಿಸಿತ್ತು. ಪರೀಕ್ಷೆಯಲ್ಲಿ ಯೆಹೂದ್ಯ ವಿದ್ಯಾರ್ಥಿಗಳು ಮೇಲುಗೈ ಪಡೆದು, ೧೯೨೨ರ ವೇಳೆಗೆ ಹೊಸ ವಿದ್ಯಾರ್ಥಿಗಳಲ್ಲಿ ಐದರಲ್ಲೊಂದು ಪಾಲನ್ನು ದಾಟಿದರು. ಇದನ್ನು ತಡೆಯಬೇಕೆಂದು ಅಂದಿನ ಅಧ್ಯಕ್ಷ ಲೊವೆಲ್ ಬಯಸಿದರು. ೧೯೨೬ರಲ್ಲಿ ತರಗತಿಯ ಸಂಖ್ಯೆಗೆ ಮಿತಿಯನ್ನು ಹಾಕಿ, 'ಶೀಲ'ವೆಂಬ ಅಳತೆಗೋಲಿಗೆ ಹೆಚ್ಚಿನ ತೂಕವನ್ನು ಕೊಟ್ಟರು. ಶೀಲವೆಂಬುದು ಎಂಥ ಪವಿತ್ರ ಶಬ್ದ! ಆ ಶಬ್ದವೇ ಒಂದು ಜನಾಂಗದ ಮಕ್ಕಳನ್ನು ಹೊರಗಿಡುವ ಅಗಣಿಯಾಯಿತು. ಈ ಇತಿಹಾಸವನ್ನು ಜೆರೋಮ್ ಕ್ಯಾರಬೆಲ್ ಎಂಬ ವಿದ್ವಾಂಸರು ೨೦೦೫ರಲ್ಲಿ ಪ್ರಕಟಿಸಿದ ತಮ್ಮ ಬೃಹದ್ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಇದೇ ಅಳತೆಗೋಲು ನಮ್ಮ ಕಾಲದಲ್ಲಿ ಮತ್ತೆ ಪ್ರಶ್ನೆಗೆ ಒಳಗಾಯಿತು. ಭಾರತೀಯ ಮೂಲದವರೂ ಸೇರಿರುವ ಏಷ್ಯಾ ಮೂಲದ ಅಭ್ಯರ್ಥಿಗಳಿಗೆ ವಿದ್ಯೆಯಲ್ಲಿ ಮೇಲಿನ ತರಗತಿಗಳು ದೊರೆತರೂ ವ್ಯಕ್ತಿಗುಣದಲ್ಲಿ ಬಿಳಿಯರಿಗಿಂತ ಸರಾಸರಿಯಲ್ಲಿ ಕೆಳಗಿನ ತರಗತಿಗಳೇ ದೊರೆಯುತ್ತಿದ್ದುವೆಂಬುದು ಹಾರ್ವರ್ಡ್ ವ್ಯಾಜ್ಯದಲ್ಲಿ ಕಂಡುಬಂದಿತು. ೨೦೧೯ರಲ್ಲಿ ಕೆಳಗಿನ ನ್ಯಾಯಾಲಯವು ಇದರಲ್ಲಿ ಉದ್ದೇಶಪೂರ್ವಕ ಪಕ್ಷಪಾತವನ್ನು ಕಾಣಲಿಲ್ಲ. ೨೦೨೩ರ ಜೂನ್ ೨೯ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಜನಾಂಗವನ್ನು ಗಣಿಸಿ ಪ್ರವೇಶ ಕೊಡುವ ಪದ್ಧತಿಯನ್ನೇ ನಿಲ್ಲಿಸಿತು.

ಹಣದ ಬಲವೂ ಸಣ್ಣದಲ್ಲ. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ ಮತ್ತು ಅವರ ಸಹೋದ್ಯೋಗಿಗಳು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು ಹನ್ನೆರಡು ಪ್ರತಿಷ್ಠಿತ ಕಾಲೇಜುಗಳನ್ನು ಪರಿಶೀಲಿಸಿತು. ಪರೀಕ್ಷೆಯಲ್ಲಿ ಸಮಾನ ಅಂಕ ಪಡೆದ ಇಬ್ಬರಲ್ಲಿ, ಮಧ್ಯಮವರ್ಗದ ಮಗುವಿಗಿಂತ ಅತ್ಯಂತ ಸಿರಿವಂತರಾದ ನೂರರಲ್ಲೊಂದು ಪಾಲಿನವರ ಮಗುವು ಆ ಕಾಲೇಜುಗಳನ್ನು ಸೇರುವ ಸಂಭವವು ಎರಡು ಪಟ್ಟಿಗೂ ಹೆಚ್ಚೆಂದು ಅದು ತೋರಿಸಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ, ಕ್ರೀಡಾಪಟುಗಳಿಗೆ ಕೊಡುವ ಆದ್ಯತೆ, ಪಠ್ಯೇತರ ಗುಣಗಳ ಹೆಸರಿನಲ್ಲಿ ಕೊಡುವ ತೂಕ, ಇವು ಅದಕ್ಕೆ ಮುಖ್ಯ ಕಾರಣಗಳು. ಕೆಲವೆಡೆ ಇದನ್ನು ತಿದ್ದುವ ಪ್ರಯತ್ನವೂ ನಡೆದಿದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿದ್ದ ಆದ್ಯತೆಯನ್ನು ತಾನಾಗಿಯೇ ಕೈಬಿಟ್ಟಿತು. ೨೦೨೪ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಖಾಸಗಿ ಕಾಲೇಜುಗಳಲ್ಲಿಯೂ ಅದನ್ನು ನಿಷೇಧಿಸುವ ಶಾಸನವನ್ನು ಮಾಡಿತು.

ಇಷ್ಟನ್ನು ತಿಳಿದ ಮೇಲೆ ಒಬ್ಬನು ಹೀಗೆ ವಾದಿಸಬಹುದು: "ಅಳೆಯುವವರ ಕೋಲೇ ಡೊಂಕಾಗಿರುವಾಗ ಅಳೆಸಿಕೊಳ್ಳುವವನು ಮಾತ್ರ ನೆಟ್ಟಗೆ ನಿಲ್ಲಬೇಕೇಕೆ? ಅವರು ಬಯಸುವ ಬೊಂಬೆಯನ್ನು ನಾನು ಮಾಡಿ ಕೊಡುತ್ತೇನೆ." ಈ ವಾದವು ಮೇಲುನೋಟಕ್ಕೆ ಬಲವಾಗಿದೆ. ಆದರೆ ಇದನ್ನು ಒಪ್ಪಿದರೆ ನಷ್ಟವು ಯಾರಿಗೆಂಬುದನ್ನು ಎಣಿಸಬೇಕು. ಕಾಲೇಜಿಗೆ ಆಗುವ ನಷ್ಟ ಅಲ್ಪ. ಪಕ್ಕದಲ್ಲಿ ನಿಂತು ನಿಜವನ್ನೇ ಬರೆದ ಇನ್ನೊಬ್ಬ ವಿದ್ಯಾರ್ಥಿಗೆ ಆಗುವ ನಷ್ಟ ದೊಡ್ಡದು, ಏಕೆಂದರೆ ಅವನ ಸ್ಥಾನವನ್ನೇ ಈ ಬೊಂಬೆಯು ಆಕ್ರಮಿಸಿರಬಹುದು. ಎಲ್ಲಕ್ಕಿಂತ ದೊಡ್ಡ ನಷ್ಟವು ಬೊಂಬೆಯನ್ನು ಮಾಡಿದವನಿಗೇ ಆಗುತ್ತದೆ. ಹದಿನೇಳರ ವಯಸ್ಸು ಮನುಷ್ಯನು 'ನಾನು ಯಾರು' ಎಂದು ಮೊದಲ ಸಲ ಗಂಭೀರವಾಗಿ ಕೇಳಿಕೊಳ್ಳುವ ಕಾಲ. ಆ ಪ್ರಶ್ನೆಗೆ ಸುಳ್ಳು ಉತ್ತರವನ್ನು ಬರೆದು, ಆ ಸುಳ್ಳಿಗಾಗಿ ಲೋಕದಿಂದ ಬಹುಮಾನವನ್ನೂ ಪಡೆದವನಿಗೆ, ಮುಂದೆ ನಿಜವಾದ ಉತ್ತರವನ್ನು ಹುಡುಕುವ ಆಸೆಯಾದರೂ ಎಲ್ಲಿಂದ ಬರಬೇಕು?

ಇದಕ್ಕೆ ಎದುರಾದ ಇನ್ನೊಂದು ವಾದವೂ ಉಂಟು. ಅದು ಸಾಧುಗಳ ವಾದ. ಒಳ್ಳೆಯ ಕೆಲಸವನ್ನು ಮಾಡಿ ಅದನ್ನು ಹೇಳಿಕೊಂಡರೆ ಅದರ ಪುಣ್ಯವೇ ಹೋಯಿತು; ಆದುದರಿಂದ ಅರ್ಜಿಯಲ್ಲಿ ತನ್ನ ಗುಣವನ್ನು ಬರೆಯುವುದೇ ತಪ್ಪು ಎಂಬುದು ಅದರ ಸಾರ. ಈ ಮಾತಿನಲ್ಲಿ ಸೌಂದರ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಯಾರೂ ಕೇಳದಿರುವಾಗ ತನ್ನನ್ನು ಹೊಗಳಿಕೊಳ್ಳುವುದು ಬೇರೆ. 'ನೀನು ಏನು ಮಾಡಿದ್ದೀಯೆ' ಎಂದು ಕೇಳಿದವರಿಗೆ ಉಳ್ಳದ್ದನ್ನು ಉಳ್ಳಷ್ಟೇ ಹೇಳುವುದು ಬೇರೆ. ಕೇಳಿದಾಗಲೂ ಹೇಳದಿದ್ದರೆ, ಮಾತುಗಾರನಾದ ಅಯೋಗ್ಯನಿಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ. ವಿನಯವೆಂದರೆ ತನ್ನನ್ನು ಇದ್ದುದಕ್ಕಿಂತ ಕಿರಿದಾಗಿ ಹೇಳುವುದೆಂದು ಅನೇಕರು ತಿಳಿದಿದ್ದಾರೆ. ಇದ್ದುದನ್ನು ಇದ್ದಂತೆ ಹೇಳಿ, ಅದರಲ್ಲಿ ಪರರ ಪಾಲೆಷ್ಟು ಎಂಬುದನ್ನು ಮರೆಯದೆ ಹೇಳುವುದು ಅದಕ್ಕಿಂತ ಮೇಲಾದ ವಿನಯ.

ಹಾಗಾದರೆ ನಿಜವನ್ನೂ ವೇಷವನ್ನೂ ಬೇರ್ಪಡಿಸುವ ಗೆರೆ ಯಾವುದು? 'ಅರ್ಜಿಯೇ ಇಲ್ಲದಿದ್ದರೆ ಈ ಕೆಲಸವನ್ನು ನಾನು ಮಾಡುತ್ತಿದ್ದೆನೆ?' ಎಂಬುದು ಸಾಮಾನ್ಯವಾಗಿ ಹೇಳುವ ಒರೆಗಲ್ಲು. ಇದು ಒಳ್ಳೆಯ ಪ್ರಶ್ನೆ, ಆದರೆ ಅತಿಯಾದ ಬಿಗಿಯುಳ್ಳದ್ದು. ಹುಡುಗಿಯೊಬ್ಬಳು ಅರ್ಜಿಯಲ್ಲಿ ಬರೆಯಲು ಏನಾದರೂ ಬೇಕೆಂದೇ ನೆರೆಯ ಮಕ್ಕಳಿಗೆ ಗಣಿತವನ್ನು ಹೇಳಿಕೊಡಲು ತೊಡಗಬಹುದು. ಮೊದಲ ತಿಂಗಳು ಅವಳ ಲೆಕ್ಕವು ಗಂಟೆಗಳದ್ದು. ಆರನೆಯ ತಿಂಗಳಲ್ಲಿ ಭಾಗಾಕಾರ ತಿಳಿಯದೆ ಅಳುತ್ತಿದ್ದ ಮಗುವೊಂದು ತಾನಾಗಿಯೇ ಲೆಕ್ಕ ಬಿಡಿಸಿ ನಕ್ಕಾಗ ಅವಳೊಳಗೆ ಏನೋ ಬದಲಾಗುತ್ತದೆ. ಆಮೇಲೆ ಅವಳು ಗಂಟೆಗಳನ್ನು ಎಣಿಸುವುದನ್ನೇ ಮರೆಯಬಹುದು. ಉದ್ದೇಶವು ಕೆಲಸಕ್ಕಿಂತ ಮೊದಲೇ ಶುದ್ಧವಾಗಿರಬೇಕೆಂದು ಹಟ ಹಿಡಿದರೆ ಮನುಷ್ಯರಲ್ಲಿ ಯಾರೂ ಒಳ್ಳೆಯ ಕೆಲಸಕ್ಕೆ ಕೈಹಾಕಲಾರರು. ಅನೇಕರಲ್ಲಿ ಕೆಲಸವೇ ಉದ್ದೇಶವನ್ನು ತೊಳೆಯುತ್ತದೆ. ಕಾಯಕವೆಂಬ ಶಬ್ದವನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದುದರಿಂದ ಮೂರು ಒರೆಗಲ್ಲುಗಳನ್ನು ಹಿಡಿಯುವುದು ಯುಕ್ತವೆಂದು ತೋರುತ್ತದೆ. ಒಂದನೆಯದು, ಬರೆದ ಮಾತು ಅಕ್ಷರಶಃ ನಿಜವೇ ಎಂಬುದು. ಇದರಲ್ಲಿ ರಿಯಾಯತಿಯಿಲ್ಲ. ಪ್ರಬಂಧವನ್ನು ಹಣಕ್ಕೆ ಇನ್ನೊಬ್ಬರಿಂದ ಬರೆಸುವುದೂ, ಯಂತ್ರದಿಂದ ಬರೆಸಿ ತನ್ನದೆನ್ನುವುದೂ ಈ ಕಲ್ಲಿನ ಮೇಲೆಯೇ ಬಿದ್ದುಹೋಗುತ್ತವೆ. ಎರಡನೆಯದು, ಆ ಕೆಲಸದಿಂದ ತನಗಲ್ಲದೆ ಇನ್ನೊಬ್ಬರಿಗೆ ನಿಜವಾಗಿ ಒಳಿತಾಯಿತೆ ಅಥವಾ ತನ್ನಲ್ಲಿ ಒಂದು ವಿದ್ಯೆಯಾದರೂ ಬೆಳೆಯಿತೆ ಎಂಬುದು. ಮೂರನೆಯದು, ಅರ್ಜಿಯು ಹೋದ ಮರುದಿನ ಆ ಕೆಲಸದ ಗತಿಯೇನಾಯಿತೆಂಬುದು. ಜನವರಿಯಲ್ಲಿ ಅರ್ಜಿಯ ಗಡುವು ಮುಗಿದೊಡನೆ ನಿಂತುಹೋಗುವ ಸೇವೆಯು ತನ್ನ ಬೆಲೆಯನ್ನು ತಾನೇ ಹೇಳಿಕೊಳ್ಳುತ್ತದೆ. ಮುಂದುವರಿಯುವ ಸೇವೆಗೆ ಬೇರೆ ಸಾಕ್ಷಿ ಬೇಡ.

ಈ ಕಲ್ಲುಗಳಿಗೆ ಉಜ್ಜಿ ನೋಡಿದರೆ ಅನೇಕ ಸಾಧಾರಣ ಮಕ್ಕಳ ಬಳಿ ಅವರಿಗೇ ಗೊತ್ತಿಲ್ಲದ ಚಿನ್ನವಿರುವುದು ಕಂಡುಬರುತ್ತದೆ. ಹಾರ್ವರ್ಡಿನ ಶಿಕ್ಷಣಶಾಸ್ತ್ರ ವಿಭಾಗದಿಂದ ೨೦೧೬ರ ಜನವರಿಯಲ್ಲಿ ಹೊರಬಂದು, ಹಲವು ಕಾಲೇಜುಗಳ ಪ್ರವೇಶಾಧಿಕಾರಿಗಳ ಸಮ್ಮತಿ ಪಡೆದ ಒಂದು ವರದಿಯು ಇದನ್ನೇ ಎತ್ತಿಹೇಳಿತು. ಚಟುವಟಿಕೆಗಳ ಸಂಖ್ಯೆಗಿಂತ ಗುಣವನ್ನು ನೋಡಬೇಕು. ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವುದೂ, ಸಂಸಾರದ ನೆರವಿಗಾಗಿ ಕೂಲಿಗೆ ದುಡಿಯುವುದೂ ಸೇವೆಯೆಂದೇ ಎಣಿಕೆಗೆ ಬರಬೇಕು. ಅತಿಯಾದ ತರಬೇತಿಯಿಂದ ಮಕ್ಕಳ ಸ್ವಂತ ದನಿ ಅಡಗಬಾರದು ಎಂಬುದು ಅದರ ತಾತ್ಪರ್ಯ. ಸಂಜೆ ಅಂಗಡಿಯಲ್ಲಿ ನಿಂತು ದುಡಿದ ಹುಡುಗನು ತನಗೆ ಬರೆಯಲು ಏನೂ ಇಲ್ಲವೆಂದು ಕೊರಗುತ್ತಾನೆ. ಅವನ ಬಳಿ ಇರುವುದನ್ನು ಹಣವಿತ್ತು ಕೊಳ್ಳಲು ಬಾರದೆಂಬುದು ಅವನಿಗೆ ತಿಳಿಯದು. ಅಜ್ಜಿಯನ್ನು ವೈದ್ಯರ ಬಳಿಗೆ ಕರೆದೊಯ್ದು, ಅವಳ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಮೊಮ್ಮಗಳಿಗೂ ತಾನು ದೊಡ್ಡದೇನನ್ನೋ ಮಾಡುತ್ತಿದ್ದೇನೆಂದು ಅನ್ನಿಸುವುದಿಲ್ಲ. ಆದರೆ ಎರಡು ಲೋಕಗಳ ನಡುವೆ ನಿಂತು ಒಬ್ಬ ಮುದುಕಿಯ ನೋವಿಗೆ ಸರಿಯಾದ ಮಾತನ್ನು ಹುಡುಕುವುದು ಎಷ್ಟು ದೊಡ್ಡ ವಿದ್ಯೆ! ಇಂಥವರು ಎದ್ದು ಕಾಣಲು ಬೇರೆ ಉಪಾಯವನ್ನು ಹೂಡಬೇಕಾಗಿಲ್ಲ. ತಮ್ಮ ಬಾಳನ್ನು ತಾವೇ ಗಮನವಿಟ್ಟು ನೋಡಿ, ಕಂಡುದನ್ನು ಸರಳವಾಗಿ ಬರೆದರೆ ಸಾಕು.

ಇಷ್ಟೆಲ್ಲ ಮಾಡಿದರೂ ಪ್ರವೇಶ ದೊರೆಯದೆ ಹೋಗಬಹುದು. ಈ ಮಾತನ್ನು ಮಕ್ಕಳಿಗೆ ಮೊದಲೇ ಹೇಳದಿರುವುದು ಹಿರಿಯರು ಮಾಡುವ ಅಪಚಾರ. ಯೋಗ್ಯರ ಸಂಖ್ಯೆಯು ಸ್ಥಾನಗಳ ಸಂಖ್ಯೆಗಿಂತ ಹಲವು ಪಟ್ಟು ಹೆಚ್ಚಾದಲ್ಲಿ, ಕಡೆಯ ತೀರ್ಮಾನದಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತದೆ. ಹಾರ್ವರ್ಡಿನ ತತ್ತ್ವಶಾಸ್ತ್ರದ ಅಧ್ಯಾಪಕರಾದ ಮೈಕೆಲ್ ಸ್ಯಾಂಡೆಲ್ ಅವರು ೨೦೨೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಓದಿನಲ್ಲಿ ನಿಲ್ಲಲಾರದವರನ್ನು ಮೊದಲು ಬೇರ್ಪಡಿಸಿ, ಉಳಿದ ಯೋಗ್ಯರೆಲ್ಲರ ಹೆಸರುಗಳನ್ನು ಚೀಟಿ ಎತ್ತಿ ಆರಿಸಬಾರದೇಕೆ ಎಂದು ಕೇಳಿದ್ದಾರೆ. ಗೆದ್ದವನು ಗೆಲುವೆಲ್ಲ ತನ್ನದೇ ಎಂದು ಬೀಗದಿರಲೆಂದೂ, ಸೋತವನು ಸೋಲೆಲ್ಲ ತನ್ನ ಕೊರತೆಯೆಂದು ಕುಗ್ಗದಿರಲೆಂದೂ ಅವರ ಆಶಯ. ಚೀಟಿಯ ಪದ್ಧತಿಯನ್ನು ಒಪ್ಪಲಿ ಬಿಡಲಿ, ಆ ಆಶಯವನ್ನು ಪ್ರತಿ ಮನೆಯೂ ಒಪ್ಪಬಹುದು.

ಸ್ಥಾನ ತಪ್ಪಿದರೆ ಬಾಳೇ ತಪ್ಪಿತೆಂಬ ಭೀತಿಗೂ ತಕ್ಕ ಆಧಾರವಿಲ್ಲ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಎಂಬವರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಯೋಗ್ಯತೆಯುಳ್ಳ ವಿದ್ಯಾರ್ಥಿಗಳು ಹೆಚ್ಚು ಹೆಸರಾಂತ ಕಾಲೇಜಿಗೆ ಹೋದರೂ ಅಷ್ಟು ಹೆಸರಿಲ್ಲದ ಕಾಲೇಜಿಗೆ ಹೋದರೂ ಮುಂದೆ ಅವರ ಸರಾಸರಿ ಸಂಪಾದನೆಯಲ್ಲಿ ಹೆಚ್ಚು ಅಂತರವಿರಲಿಲ್ಲವೆಂದು ಕಂಡರು. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಸರಾಂತ ಕಾಲೇಜಿನಿಂದ ಪ್ರಯೋಜನವು ಸ್ಪಷ್ಟವಾಗಿತ್ತು. ಸಮಾಜದ ಅತ್ಯುನ್ನತ ಪದವಿಗಳನ್ನು ಏರುವ ಸಂಭವವನ್ನು ಆ ಕಾಲೇಜುಗಳು ಹೆಚ್ಚಿಸುತ್ತವೆಂದು ಚೆಟ್ಟಿಯವರ ಅಧ್ಯಯನವು ಹೇಳುವುದನ್ನೂ ಮರೆಮಾಚಬಾರದು. ಲಾಭವಿದೆ, ಆದರೆ ಅದು ಬಾಳುವೆಯ ಬುಡವಲ್ಲ, ಒಂದು ಕೊಂಬೆ ಮಾತ್ರ.

ತಂದೆತಾಯಿಗಳಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಉತ್ತರ ಬರುವ ದಿನ ಮಗುವು ಮೊದಲು ನೋಡುವುದು ನಿಮ್ಮ ಮುಖವನ್ನು. ಅಲ್ಲಿ ಕಾಣುವ ಬೆಳಕು ಕಾಲೇಜಿನ ಉತ್ತರವನ್ನು ಅನುಸರಿಸಿ ಏರಿಳಿದರೆ, ನನ್ನ ಬೆಲೆಯನ್ನು ಅಪರಿಚಿತರು ಕಟ್ಟುತ್ತಾರೆಂಬ ಪಾಠವನ್ನು ಅದು ಅಂದೇ ಕಲಿತುಬಿಡುತ್ತದೆ. ಆ ಪಾಠವನ್ನು ಮುಂದೆ ಯಾವ ವಿಶ್ವವಿದ್ಯಾಲಯವೂ ಅಳಿಸಲಾರದು.

ವಿದ್ಯಾರ್ಥಿಗಳೇ, ಎದ್ದು ಕಾಣಬೇಕೆಂಬ ಬಯಕೆಯನ್ನು ಕೊಲ್ಲಬೇಕಾಗಿಲ್ಲ, ಅದಕ್ಕೆ ದಾರಿ ತೋರಿಸಿದರೆ ಸಾಕು. ಕೈಗೆತ್ತಿಕೊಂಡ ಕೆಲಸದಲ್ಲಿ ಆಳಕ್ಕೆ ಇಳಿಯಿರಿ. ಹತ್ತಿರದಲ್ಲಿರುವವರಿಗೆ ನೆರವಾಗಿರಿ. ಕೇಳಿದಾಗ ನಿಜವನ್ನು ಹೆದರದೆ, ಹಿಗ್ಗಿಸದೆ ಹೇಳಿರಿ. ಆ ಮೇಲೆ ಬಾಗಿಲು ತೆರೆದರೆ ಒಳಗೆ ಹೋಗಿ, ಹೊರಗೆ ಉಳಿದವರಲ್ಲಿ ನಿಮಗೆ ಸಮಾನರು ಹಲವರಿದ್ದಾರೆಂಬುದನ್ನು ನೆನೆಯಿರಿ. ಬಾಗಿಲು ಮುಚ್ಚಿದರೆ ಕೈಯಲ್ಲಿರುವ ಕೆಲಸವನ್ನು ಮರುದಿನ ಬೆಳಿಗ್ಗೆ ಎಂದಿನಂತೆ ಮುಂದುವರಿಸಿರಿ. ಹಾಗೆ ಮುಂದುವರಿಸಬಲ್ಲವನಿಗೆ ಯಾವ ಕಾಲೇಜೂ ಕೊಡಲಾರದ ಸ್ಥಾನವೊಂದು ಆಗಲೇ ದೊರೆತಿರುತ್ತದೆ.